ಎರಡು ಸೊನ್ನೆಯ ಎಂಟು

ಮಿಕ್ಸಿಯ ಮೋಟಾರಿಗೆ ಹಳೇ ಕಂಬಳಿಯ ಚಕ್ರ ಕಟ್ಟಿದ್ದೇನೆ.
ತಂಗಮಣಿ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ.
ಚಟ್ನಿಯನ್ನು ಒರಳಲ್ಲೇ ರುಬ್ಬುತ್ತಾಳೆ,
ನನಗೆ ಕೇಳಲೆಂದೇ ಗುಂಡುಕಲ್ಲು ಜೋರಾಗಿ ತಿರುಗಿಸುತ್ತಾಳೆ.

ಸುಂಟಿಕೊಪ್ಪದ ಡಿಸೆಂಬರು. ಗಂಟೆ ಒಂಬತ್ತಾದರೂ
ಎದುರಿನ ಕಾಫಿ ಕಣದಿಂದ ಮಂಜು ಎದ್ದಿಲ್ಲ.
ಬಟ್ಟೆ ಒಗೆಯುವ ಕಲ್ಲಿನ ಮೇಲೆ
ಚಿಟ್ಟಿಯಪ್ಪನವರ ಫಿಯೆಟ್ಟಿನ ಟ್ಯಾಪೆಟ್ ಕವರು,
ಒಂದು ಪೌಂಡ್ ಬ್ರೆಡ್ಡಿನಷ್ಟು ಉದ್ದ.

"ಮಗಳ ಮದುವೆಗೆ ಇದೇ ಗಾಡಿ. ಬಾನೆಟ್ ಎತ್ತಿದರೆ
ಮೀಸೆ ತಿದ್ದಿಕೊಳ್ಳುವ ಹಾಗಿರಬೇಕು, ನೋಡು."
ಮದುವೆಯ ದಿನ ಬಾನೆಟ್ ಎತ್ತುವವರು ಯಾರು?
ಕೇಳಲಿಲ್ಲ. ಮುಂಗಡ ಆಗಲೇ ಜೇಬಲ್ಲಿತ್ತು.

ಮೊದಲು ಸೀಮೆಎಣ್ಣೆ, ಜಿಡ್ಡಿಗೆ.
ಆಮೇಲೆ ಇನ್ನೂರ ಇಪ್ಪತ್ತರ ಕಾಗದ, ಅಡ್ಡಕ್ಕೆ.
ನಾನೂರು, ಉದ್ದಕ್ಕೆ. ಎಂಟುನೂರು, ಮತ್ತೆ ಅಡ್ಡಕ್ಕೆ.
ಹಿಂದಿನ ಗೀರು ಪೂರ್ತಿ ಸಾಯುವ ತನಕ
ಮುಂದಿನ ಕಾಗದಕ್ಕೆ ಕೈ ಹಾಕುವಂತಿಲ್ಲ.
ನಡುವೆ ಎಲ್ಲೋ ಒಂದು ಹಂತದಲ್ಲಿ ಲೋಹ
ಶುರು ಮಾಡಿದಾಗಿಗಿಂತ ಕೆಟ್ಟದಾಗಿ ಕಾಣುತ್ತದೆ,
ಕುಷ್ಟ ಹತ್ತಿದ ಹಾಗೆ, ಬೂದಿ ಬೂದಿ.
ಬಿಟ್ಟುಬಿಡುವವರು ಅಲ್ಲೇ ಬಿಡುತ್ತಾರೆ.

ಹೊಳಪು ಅಂದರೆ ಗೀರಿಲ್ಲದ್ದು ಅಂದುಕೊಂಡಿದ್ದೆ.
ಅಲ್ಲ. ಗೀರಿನ ಮೇಲೆ ಗೀರು, ಅದಕ್ಕಿಂತ ಸಣ್ಣದು,
ಕಣ್ಣು ಸೋಲುವ ತನಕ.
ಎಡವಲು ಏನೂ ಸಿಗದೆ ಬೆಳಕು
ತಿರುಗಿ ನಮ್ಮ ಕಡೆಗೇ ಬರುತ್ತದೆ, ಅಷ್ಟೆ.

ಎರಡು ಸಾವಿರದ ಕಾಗದ ಮುಗಿಸಿ, ಸೋಪು ಬಳಿದು
ಕಂಬಳಿ ಚಕ್ರಕ್ಕೆ ಒಡ್ಡಿದೆ. ಕರಿ ನೊರೆ ಮುಖಕ್ಕೆ ಹಾರಿತು.
ಒರೆಸಿದರೆ ಮೊದಲು ಸೀಬೆ ಮರ ಬಂತು,
ಆಮೇಲೆ ಹಗ್ಗದ ಮೇಲಿನ ಮಗಳ ಯೂನಿಫಾರ್ಮು,
ಕೊನೆಗೆ ಅಗಲ ಮೂಗಿನ ನಾನು.
ಹಲ್ಲು ಕಿರಿದೆ. ಅದೂ ಕಿರಿಯಿತು.

ಬಿಸಿಲು ಓರೆಯಾಗಿ ಬಿದ್ದಾಗ ಕಂಡಿತು.
ನನ್ನ ಎಡಗೆನ್ನೆಯಲ್ಲಿ ಎರಡು ಸೊನ್ನೆ,
ಒಂದರ ತಲೆಯ ಮೇಲೊಂದು, ಮುಟ್ಟಿಯೂ ಮುಟ್ಟದೆ.
ಪಕ್ಕದಲ್ಲಿ ಬೆನ್ನು ಬಗ್ಗಿದ ಆರು.

ಎಂಟನ್ನು ಹಾಗೆ ಬರೆಯುತ್ತಿದ್ದವನು ಒಬ್ಬನೇ.
ಮಾದಾಪುರ ರಸ್ತೆಯ ತಗಡಿನ ಶೆಡ್ಡಿನ ಪೋಕರ್ ಮೇಸ್ತ್ರಿ.
ಅಂಕಿ ಬಿಟ್ಟರೆ ಅಕ್ಷರ ಬಾರದು.
ಒಳಗಿನ ವಾಲ್ವಿಗೆ ಆರು, ಹೊರಗಿನದಕ್ಕೆ ಎಂಟು
ಎಂದು ಪ್ರತಿ ಗಾಡಿಯ ಕವರಿನ ಮೇಲೂ ಮೊಳೆಯಿಂದ ಗೀಚುತ್ತಿದ್ದ.
"ನಾನಿಲ್ಲದಿದ್ದರೂ ಬಿಚ್ಚಿದವನಿಗೆ ತಿಳಿಯಬೇಕಲ್ಲ."

ಒಮ್ಮೆ ನಾನು ಅದಲುಬದಲು ಮಾಡಿ ಇಟ್ಟೆ.
ಬೋಯಿಕೇರಿ ಏರಿನಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತಿತು.
ಮೇಸ್ತ್ರಿ ಬೈಯಲಿಲ್ಲ. ಗೇಜಿನ ಎರಡು ಎಲೆ ಬಿಚ್ಚಿ
ನನ್ನ ಬೆರಳ ನಡುವೆ ಇಟ್ಟು, ಕಣ್ಣು ಮುಚ್ಚು ಅಂದ.
ಯಾವುದು ದಪ್ಪ, ಹತ್ತು ಸಲ ತಪ್ಪದೆ ಹೇಳುವ ತನಕ
ಊಟವಿಲ್ಲ.
ಮೂರು ಗಂಟೆ ಆಯಿತು.
ಅವನೂ ಉಂಡಿರಲಿಲ್ಲ.

ಮತ್ತೆ ಇನ್ನೂರ ಇಪ್ಪತ್ತಕ್ಕೆ ಇಳಿದರೆ ಹೋಗುತ್ತದೆ.
ಹೆಚ್ಚೆಂದರೆ ಅರ್ಧ ದಿನದ ಕೆಲಸ.
ಕಾಗದ ನೆನೆಹಾಕಿದೆ.
ಅದು ಇನ್ನೂ ಬಕೆಟ್ಟಿನಲ್ಲೇ ಇದೆ.

ಸಂಜೆ ಚಿಟ್ಟಿಯಪ್ಪನವರು ಬಂದರು,
ಕವರನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು
ಮೀಸೆಯ ಎಡತುದಿ ನೋಡಿಕೊಂಡರು, ಬಲತುದಿ ನೋಡಿಕೊಂಡರು.
"ಇಲ್ಲೇನೋ ಇದೆಯಲ್ಲ?"
"ಅದು ಅಳತೆ, ಸಾರ್."
ಹೆಬ್ಬೆರಳಿನಿಂದ ಉಜ್ಜಿದರು. "ಹೋಗಲ್ವಾ?"
"ಹೋಗುತ್ತೆ."
ಆಮೇಲೆ ಇಬ್ಬರೂ ಮಾತಾಡಲಿಲ್ಲ.
ಬಾಕಿ ದುಡ್ಡು ಎಣಿಸಿ ಕೊಟ್ಟರು, ನೂರು ಕಡಿಮೆ.

ರಾತ್ರಿ ಮೋಟಾರನ್ನು ಮಿಕ್ಸಿಗೆ ಜೋಡಿಸಿದೆ.
ಬೆಳಿಗ್ಗೆ ಚಟ್ನಿಯಲ್ಲಿ ಕಂಬಳಿಯ ಒಂದು ಎಳೆ ಸಿಕ್ಕಿತು.
ತಂಗಮಣಿ ಅದನ್ನು ಎರಡು ಬೆರಳಲ್ಲಿ ಎತ್ತಿ,
ಬೆಳಕಿಗೆ ಹಿಡಿದು ನೋಡಿ,
ತಟ್ಟೆಯ ಅಂಚಿನಲ್ಲಿಟ್ಟಳು.
ನನ್ನ ತಟ್ಟೆಯ.