ಅಡಿಟಿಪ್ಪಣಿ ಏಳು

ಶೇಕಡಾ ಹದಿನೆಂಟು ಇಳಿಕೆ, ಎಂದು ಬರೆದವಳು ನಾನೇ.
ಪುಟ ಹನ್ನೊಂದು, ಎಲೆಹಸಿರಿನ ದಪ್ಪ ಅಕ್ಷರ,
ಪಕ್ಕದಲ್ಲೊಂದು ಕೆಳಮುಖದ ಬಾಣ.
ಸುಳ್ಳಲ್ಲ. ಮೂರು ಸಲ ಕೂಡಿಸಿ ಕಳೆದು ನೋಡಿದ್ದೇನೆ.
ನಿಯಮದ ಪುಸ್ತಕ ಹೇಳುವುದು ಇಷ್ಟೇ:
ಹಿಡಿತದಲ್ಲಿ ಇರುವುದರ ಹೊಗೆ ನಿಮ್ಮದು,
ಕೈಬಿಟ್ಟದ್ದರ ಹೊಗೆ
ಕೈಬಿಟ್ಟ ದಿನಕ್ಕೇ ಮುಗಿಯಿತು.

ಮಾರ್ಚಿಯಲ್ಲಿ ಹೋಯ್‌ಮಿಂಗ್ ಮಾರಿದೆವು.
ತೊ ಕ್ವಾ ವಾನಿನ ಮುದಿ ಕಟ್ಟಡ,
ಐವತ್ತಾರು ವರ್ಷ, ತುಕ್ಕು ಪೈಪು, ಏದುಸಿರಿನ ಲಿಫ್ಟು,
ಕಿಟಕಿಗೊಂದು ಏಸಿ, ಏಸಿಗೊಂದು ತೊಟ್ಟಿಕ್ಕುವ ಬಾಯಿ,
ಬೀದಿಯಲ್ಲಿ ಹೋಗುವವರ ನೆತ್ತಿಗೆ
ಮೋಡವಿಲ್ಲದ ಮಳೆ.

ಅದು ನಮ್ಮದಾಗಿದ್ದಾಗ
ಲಂಡನ್ನಿನ ಆಡಿಟರ್ ಕೇಳಿದ್ದ:
ನಾಲ್ಕು, ಹದಿನಾಲ್ಕನೆಯ ಮಹಡಿಗಳ ಅಂಕಿ ಎಲ್ಲಿ?
ಆ ಮಹಡಿಗಳೇ ಇಲ್ಲ, ಎಂದೆ.
ನಾಲ್ಕೆಂದರೆ ನಮ್ಮ ಕಿವಿಗೆ ಸಾವಿನ ಸದ್ದು,
ಮೂರರ ಮೇಲೆ ಐದನ್ನೇ ಕಟ್ಟುತ್ತೇವೆ.
ಪುರಾವೆ ಕಳಿಸಿ, ಎಂದ.
ಇಲ್ಲದ ಮಹಡಿಗೆ ಎರಡು ವಾರ ಪತ್ರ ನಡೆಯಿತು.

ಇದ್ದ ಒಂಬತ್ತನೆಯದನ್ನು ಯಾರೂ ಕೇಳಲಿಲ್ಲ.
ಒಂದು ಮನೆಯನ್ನು ಪ್ಲೈವುಡ್ಡಿನಿಂದ ಸೀಳಿ ಏಳು ಮಾಡಿದ್ದರು.
ಏಳು ಫ್ಯಾನು, ಏಳು ಅನ್ನದ ಕುಕ್ಕರು,
ಕಕ್ಕಸಿನ ಪಕ್ಕದಲ್ಲೇ ಒಲೆ,
ಹೋಂವರ್ಕ್ ಮಾಡುವ ಹುಡುಗಿಯ ಮೊಣಕೈ ತಾಗಿದರೆ
ಆಚೆಮನೆಯ ಮುದುಕ ಕೆಮ್ಮುತ್ತಿದ್ದ.
ಮೀಟರು ಮಾತ್ರ ಒಂದೇ.
ನನ್ನ ಹಾಳೆಯಲ್ಲಿ ಅವರೆಲ್ಲ ಒಂದು ಸಾಲು:
ಬಾಡಿಗೆದಾರ, ವಸತಿ, ಅಂದಾಜು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮಾರುವ ಹಿಂದಿನ ಸೆಪ್ಟೆಂಬರಿನಲ್ಲಿ ಚಂಡಮಾರುತ.
ನೆಲಮಾಳಿಗೆಗೆ ನೀರು ನುಗ್ಗಿ
ಕಾವಲುಗಾರ ಚೋಯ್ ಪಾಕ್‌ಹೇಯ್
ಪೇಂಟ್ ಡಬ್ಬಿಯಲ್ಲಿ ಬೆಳಗಿನವರೆಗೆ ಮೊಗೆದ.
ಮೀಟರು ಕೋಣೆಯ ಹೊಸ್ತಿಲು ತೋಯಲಿಲ್ಲ.
ವರದಿಯಲ್ಲಿ ಬರೆದೆವು:
ಭೌತಿಕ ಅಪಾಯ, ಮಧ್ಯಮ. ಹಣಕಾಸಿನ ಪರಿಣಾಮ, ನಗಣ್ಯ.
ಪಂಪು ಕೆಟ್ಟಿದ್ದರೆ ಒಂದು ಅಂಕಿ ಸಿಗುತ್ತಿತ್ತು.
ಕೆಟ್ಟದ್ದು ಅವನ ಸೊಂಟ,
ಅದಕ್ಕೆ ಕಾಲಮ್ಮಿರಲಿಲ್ಲ.

ಈ ಸಲ ಬಾಣದ ಬುಡಕ್ಕೆ
ಅಡಿಟಿಪ್ಪಣಿ ಏಳು ಹಾಕಿದೆ, ಎರಡೇ ವಾಕ್ಯ.
"ಇಳಿಕೆಯ ಬಹುಪಾಲು ಒಂದು ಕಟ್ಟಡದ ಮಾರಾಟದಿಂದ ಆದದ್ದು.
ಕಟ್ಟಡ ಈಗಲೂ ನಿಂತಿದೆ, ದೀಪಗಳು ಉರಿಯುತ್ತಿವೆ."

ಮಿಸೆಸ್ ಔಯಾಂಗ್ ಕನ್ನಡಕ ತೆಗೆದು ಓದಿದರು.
ಗದರಲಿಲ್ಲ.
ಅಂಥದೇ ಬೀದಿಯಲ್ಲಿ ಹುಟ್ಟಿದವರು,
ಅಂಗಡಿಯ ಅಟ್ಟದ ಮೇಲೆ ಮಲಗಿ ಓದಿದವರು.
"ಮೊದಲನೆಯದು ಇರಲಿ, ನಿಯಮವೇ ಕೇಳುತ್ತದೆ.
ಎರಡನೆಯದು ಮಾಹಿತಿಯಲ್ಲ, ಹುಡುಗಿ,"
ಎಂದು ಪೆನ್ಸಿಲಿನಿಂದ, ಹಗುರಾಗಿ, ಗೆರೆ ಎಳೆದರು.
ಮನಸ್ಸು ಬದಲಾದರೆ ಉಜ್ಜಬಹುದಾದ ಗೆರೆ.
ಉಜ್ಜಲಿಲ್ಲ, ಅವರೂ, ನಾನೂ.

ಅಚ್ಚಾಯಿತು. ಮರುಬಳಕೆಯ ಕಾಗದ,
ಮುಖಪುಟದ ಮೇಲೆ ಯಾವ ಊರಿನದೋ ಕಾಡು.

ಸಂಜೆ ನಾರ್ತ್ ಪಾಯಿಂಟಿನಿಂದ ದೋಣಿ ಹಿಡಿದರೆ
ಆಚೆದಡದಲ್ಲಿ ಮೊದಲು ಕಾಣುವ ಸಾಲಿನ ಹಿಂದೆಯೇ
ಅದು ಇದೆ.
ಇಳಿಕೆಯಾದ ಹದಿನೆಂಟೂ
ಕಿಟಕಿ ಕಿಟಕಿಯಲ್ಲಿ ಹಳದಿಯಾಗಿ
ನೀರಿನ ಮೇಲೆ ಅಲುಗಾಡುತ್ತದೆ.

ಚೋಯ್‌ಗೆ ಯಾರೂ ಹೇಳಿಲ್ಲ.
ತಿಂಗಳ ಒಂದನೇ ತಾರೀಖು ಈಗಲೂ ಫೋನು ಮಾಡಿ
ಮೀಟರಿನ ಅಂಕಿಗಳನ್ನು ಬಿಡಿಬಿಡಿಯಾಗಿ ಓದುತ್ತಾನೆ.
ನಾಲ್ಕು ಬಂದಾಗ ದನಿ ಸ್ವಲ್ಪ ತಗ್ಗಿಸುತ್ತಾನೆ.
ಬೇಡವೆಂದು ಹೇಳುವ ಕೆಲಸ ಯಾರದೋ ತಿಳಿಯದೆ
ಹಳೆಯ ಡೈರಿಯೊಂದರಲ್ಲಿ ಬರೆದುಕೊಳ್ಳುತ್ತೇನೆ.

ಈ ತಿಂಗಳು ಜಾಸ್ತಿ ಬಂದಿದೆ, ಅಂದ ನಿನ್ನೆ,
ತಪ್ಪು ತನ್ನದೇ ಎಂಬಂತೆ.
ಸೆಕೆ ಅಲ್ಲವೇ, ಅಂದೆ.
ಹೌದು, ಅಂದ, ಸೆಕೆ.