ಹೆಸರು ಹೇಳಬಾರದ ಎಲಿ

ಗದಗಿನ ಹಳೇ ಬಸ್‌ಸ್ಟ್ಯಾಂಡ್ ಹಿಂದ, ಬಳಿ ಅಂಗಡಿ ಮ್ಯಾಲ
ನಾ ರಕ್ತ ತಗಿಯೋ ಖೋಲಿ.
ಮಂಗಳವಾರ ಹತ್ತರ ಹೊತ್ತಿಗೆ
ದೋಣಿ ಊರಿನ ನೀಲಗಂಗವ್ವ ಮೆಟ್ಟಲ ಹತ್ತಿ ಬರತಾಳ,
ಬೆನ್ನ ಹಿಂದ ಇಬ್ಬರೋ ಮೂವರೋ
ಕಾಮಣಿಯಾದ ಹಳದಿ ಕಣ್ಣಿನವರು.

"ಮೊದಲ ನಿನ್ನ ಮಿಷನ್ನಿಗೆ ಕೇಳವಾ.
ಎಂಟರ ಒಳಗಿದ್ರ ನನ್ನ ಪಾಲು,
ದಾಟಿದ್ರ ದವಾಖಾನಿದು."

ಈ ಲೆಕ್ಕ ಆಕಿಗೆ ಯಾರೂ ಕಲಿಸಿದ್ದಲ್ಲ.
ಹನ್ನೊಂದು ವರ್ಷದ ಹಿಂದ ಒಬ್ಬ ಗೌಂಡಿ ಹುಡುಗನ್ನ
ಒಂಬತ್ತು ದಿನ ಇಟಗೊಂಡಿದ್ಲು:
ಹಾಲು, ಎಲಿ ರಸ, ಉಪ್ಪಿಲ್ಲದ ಗಂಜಿ.
ಹತ್ತನೇ ದಿನ ಅವ ತನ್ನ ತಾಯಿ ಗುರುತು ಹಿಡೀಲಿಲ್ಲ.
ಅವನ ಹೆಸರು ಆಕಿ ಇನ್ನೂ ಹೇಳೂದಿಲ್ಲ,
ಎಲಿ ಹೆಸರು ಹೆಂಗ ಹೇಳೂದಿಲ್ಲೋ ಹಂಗ.

ಹೇಳಿದ್ರ ಗುಣ ಹೋಗತೈತಂತ.
ಕಪ್ಪತ್ತಗುಡ್ಡಕ್ಕ ನಸಿಕಿನ್ಯಾಗ ಹೋಗಿ
ಬೇಡಿಕೊಂಡು ಕಿತ್ತು, ಉಡಿಯಾಗ ಮುಚಗೊಂಡು ತರತಾಳ.
ನಾ ಮೊದಲ ನಗತಿದ್ದೆ.
ಆಮ್ಯಾಲ ಒಂದಿನ ನನ್ನ ಮಾತು ನನಗ ಕೇಳಿಸ್ತು:
"ರಿಪೋರ್ಟ್ ನಾ ಹೇಳಂಗಿಲ್ಲರೀ, ಡಾಕ್ಟರ್‌ನ್ನ ಕೇಳ್ರಿ."
ಲಕೋಟಿ ಅಂಟಿಸಿ ಕೊಡತೇನಿ.

ತಾನಾಗೇ ಇಳಿಯೋ ಕಾಮಣಿ,
ಎಲಿಗೆ ಪುಕ್ಕಟ ಹೆಸರು, ಅಂತಾರ ಡಾಕ್ಟರ್ ಅಸುಂಡಿ.
ಇರಬಹುದು.
ಇಳಿಯೂತನಾ ಬಾಜೂಕ ಕುಂದರೋರು ಯಾರು ಅಂತ
ಕೇಳಬೇಕಂದೆ; ಅವರಿಗೆ ಆಪರೇಷನ್ನಿಗೆ ಹೊತ್ತಾಗಿತ್ತು.

ನನ್ನ ಫಾರ್ಮಿನ್ಯಾಗ ವಯಸ್ಸು ಐತಿ, ಫೋನ್ ನಂಬರ್ ಐತಿ.
ಆಕಿ ಕೇಳೂದು ಬ್ಯಾರೆ:
ಕುಡಿಯೋ ನೀರು ಯಾವ ಬಾವೀದು?
ನೀ ಮಲಗಿದ್ರ ರೊಟ್ಟಿ ಬಡಿಯೋರು ಯಾರು?
ಒಬ್ಬಾಕಿ ಈ ಮಾತಿಗೇ ಅತ್ತಬಿಟ್ಲು, ಸೂಜಿಗೆ ಅಳಲಾರದಾಕಿ.

ಹೋದ ವಾರ ನೀಲಗಂಗವ್ವ ಒಬ್ಬಾಕಿನ ಬಂದ್ಲು.
ಸೆರಗ ಸರಿಸಿ ತೋಳು ಚಾಚಿದ್ಲು.
ಟ್ಯೂಬ್‌ಲೈಟ್ ಕೆಳಗ ಆಕಿ ಕಣ್ಣು
ಬಾರಿಹಣ್ಣಿನ ಬಣ್ಣ.
ನರ ಜಲ್ದಿ ಸಿಗಲಿಲ್ಲ. ಮೂರು ಸಲ ಚುಚ್ಚಿದೆ.
"ಎಲಿ ತಗೊಂಡ್ಯೇನು?"
"ಹನ್ನೆರಡು ದಿನ," ಅಂದ್ಲು,
"ಆ ಹುಡುಗಗಿಂತ ಮೂರು ಹೆಚ್ಚು."

ಮಿಷನ್ ಗುರ್ ಅಂದು ನಿಂತು, ಸಂಖ್ಯೆ ಬಂತು.
ನಾ ಬಾಯಿ ತೆರದೆ.
"ಹೇಳಬ್ಯಾಡ. ಹೇಳಿದ್ರ ಗುಣ ಹೋಗತೈತಿ."
ನಕ್ಕಳೋ, ಉಸಿರು ಎಳಕೊಂಡಳೋ.
ಲಕೋಟಿ ಇಸಗೊಂಡು ಎಲಿ ಚೀಲದಾಗ ತುರುಕಿ
ಬಾಯಿಗೆ ದಾರ ಬಿಗದ್ಲು. ಮೆಟ್ಟಲ ಮ್ಯಾಲ ಕುಂತು ಕೇಳಿದ್ಲು:
"ಹುಬ್ಬಳ್ಳಿ ಬಸ್ ಎಷ್ಟಕ್ಕ ಐತಿ?
ನೀನೂ ಬರತೀಯೇನು, ದವಾಖಾನಿ ಬಾಗಲಾ ತನಕ?"

ಬೀಗ ಸಿಕ್ತು, ಕೀಲಿಕೈ ಸಿಗವಲ್ದು.
ಬಾಕಿನ ಮ್ಯಾಲ ಇನ್ನೂ ನಾಕು ಮಂದಿ
ತೋಳು ಮಡಿಚಿ ಕುಂತಿದ್ರು.
ಅವರಿಗೆ ಏನ ಹೇಳಿ ಎಬ್ಬಿಸಿದೆನೋ, ನೆನಪಿಲ್ಲ.