ಎಲ್ಲಿಂದ

ಇಪ್ಪತ್ತೊಂಬತ್ತು ವರ್ಷ ನಾನು ಕೇಳಿದ್ದು ಒಂದೇ: ಎಲ್ಲಿಗೆ?
ಕಾರವಾರ–ಕದ್ರಾ ಬಸ್ಸು, ಹೆಗಲಿಗೆ ಚೀಲ,
ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು.
ಈಗ ಬೈತಖೋಲದಲ್ಲಿ, ಬಲೆ ಹೆಣೆಯುವ ಶೆಡ್ಡಿನ ಹಿಂದೆ
ಒಂದು ಮೇಜು. ಅದರ ಒಂದು ಕಾಲು ಗಿಡ್ಡ,
ಅಡಿಗೆ ಹಳೆಯ ಟಿಕೆಟ್ ಬುಕ್ಕಿನ ರಟ್ಟು.
ಫೋನೆತ್ತಿ ಕೇಳುತ್ತೇನೆ: ಎಲ್ಲಿಂದ?

ಹೆಸರು ಬೇಡ.
ಹೆಸರು ಕೇಳಿದರೆ ಅರ್ಧ ಜನ ಇಟ್ಟುಬಿಡುತ್ತಾರೆ.
ಸ್ಟಾಪು ಹೇಳಿ, ಸಾಕು.
ಕಿನ್ನರ ಅಂದರೆ ಅಲ್ಲಿ ಯಾರು ಇಳಿಯುತ್ತಿದ್ದರು ಗೊತ್ತು,
ಯಾರು ಚಿಲ್ಲರೆ ಬಿಟ್ಟು ಹೋಗುತ್ತಿದ್ದರು,
ಯಾರು "ನಾಳೆ ಕೊಡ್ತೇನೆ ಬಾಯಿ" ಅಂದು
ಮರುದಿನ ನಿಜಕ್ಕೂ ಕೊಟ್ಟು, ಇಡೀ ದಾರಿ
ಕಿಟಕಿಯಾಚೆಯೇ ನೋಡುತ್ತ ಕೂತರು.

ಜೂನಿನಲ್ಲಿ ದೋಣಿಗಳು ದಂಡೆಗೆ ಏರುತ್ತವೆ.
ಆಗ ಈ ಫೋನಿಗೆ ಉಸಿರಾಡಲು ಬಿಡುವಿಲ್ಲ.
"ಅಕ್ಕಿಗಲ್ಲ ಮಾರಾಯ್ತಿ" ಎಂದೇ ಶುರು ಎಲ್ಲರದ್ದೂ.
ಹುಡುಗಿಯ ಕನ್ನಡಕ ಒಡೆದಿದೆ.
ಅಜ್ಜನ ಸಕ್ಕರೆ ಕಾಯಿಲೆಯ ಸೂಜಿ ಇವತ್ತಿಗೆ ಕೊನೆ.
ಮಾತು ಗಾಳಿಯಲ್ಲಿ ಸುತ್ತಿ ಸುತ್ತಿ
ಕೊನೆಗೆ ಅಕ್ಕಿಯ ಮೇಲೆಯೇ ಬಂದು ಕೂರುತ್ತದೆ.

ನನ್ನ ಬಳಿ ಇರುವುದು ಅಕ್ಕಿಯಲ್ಲ, ಒಂದು ನೋಟುಬುಕ್ಕು.
"ಇನಾಸ್ ಫರ್ನಾಂಡಿಸ್: ಓಮ್ನಿ ಇದೆ, ಪೆಟ್ರೋಲಿಗೆ ಕೇಳುವುದಿಲ್ಲ,
ಕತ್ತಲಾದರೆ ಕಣ್ಣು ಮಂಜು.
ಖೈರುನ್ನಿಸಾ: ಹತ್ತು ಸೇರಿನ ಪಾತ್ರೆ, ಶುಕ್ರವಾರ ಬಿಟ್ಟು.
ದೇವಿದಾಸ ಗುನಗಿ: ರಕ್ತ ಓ ನೆಗೆಟಿವ್. ಸಿಟ್ಟು ಜಾಸ್ತಿ.
ಮೊದಲು ಊಟ ಆಯ್ತಾ ಅಂತ ಕೇಳಬೇಕು.
ಶೇವಂತಿ ಪಡ್ತಿ, ಸಿದ್ದರ: ಏನೂ ಇಲ್ಲ. ಹೆದರುವುದಿಲ್ಲ."

ಹೋದ ಜುಲೈ, ಒಂದು ರಾತ್ರಿ.
ಎಲ್ಲಿಂದ?
ಮಾತಿಲ್ಲ.
ಎಲ್ಲಿಂದ?
ಉಸಿರು. ತಾಡಪಾಲು ಬಡಿಯುವ ಸದ್ದು.
ಇಡಬೇಕು ಅನ್ನುವಷ್ಟರಲ್ಲಿ ಆ ಕಡೆ, ದೂರದಲ್ಲಿ,
ಒಂದು ಬಸ್ಸು ನಿಂತಿತು. ಬಾಗಿಲು ಬಡಿಯಿತು.
ಇನ್ನೊಮ್ಮೆ ಬಡಿಯಿತು. ಎರಡು ಸೀಟಿ.

ಎರಡು ಸಲ ಬಡಿಯದೆ ಮುಚ್ಚದ ಆ ಬಾಗಿಲಿನಲ್ಲಿ
ನನ್ನ ಹೆಬ್ಬೆರಳ ಉಗುರೊಂದು ಹೋಗಿದೆ.
ಗಡಿಯಾರ ನೋಡಿದೆ: ಒಂಬತ್ತೂ ಹತ್ತು.
ಕೊನೆಯ ಬಸ್ಸು ಈ ಹೊತ್ತಿಗೆ ಸಿದ್ದರ ಬಿಟ್ಟು ಬೇರೆಲ್ಲೂ ಇರಲಾರದು.
ಸ್ಟಾಪಿನ ಹಿಂದೆ ಇರುವುದು ಒಂದೇ ಮನೆ.

ಆ ಫೋನು ಒಂದು ಕಿವಿಗೆ, ನನ್ನ ಮೊಬೈಲು ಇನ್ನೊಂದಕ್ಕೆ:
"ಶೇವಂತೀ, ಟಾರ್ಚು ಹಿಡಿ. ಏನೂ ಕೇಳಬೇಡ.
ಕಡ್ಡಿಪೆಟ್ಟಿಗೆ ಮುಗಿದಿದೆ ಅನ್ನು."

ಕಾದೆ.
ಟಿಕೆಟ್ ಲೆಕ್ಕ ತಪ್ಪಿದ ದಿನ ಡಿಪೋದ ಮುಂದೆ
ನಿಂತ ಹಾಗೆ ಕಾದೆ.
ಎಡಗಿವಿಯಲ್ಲಿ ಬಾಗಿಲು ತಟ್ಟಿದ ಸದ್ದು.
ಕೊಂಕಣಿಯಲ್ಲಿ ಶೇವಂತಿ, ತನ್ನ ಎಂದಿನ ಒರಟು ದನಿಯಲ್ಲಿ,
ಕಡ್ಡಿಪೆಟ್ಟಿಗೆ ಕೇಳಿದಳು.
ಯಾರೋ ಎದ್ದ ಹಾಗೆ. ಬಳೆ. ಡಬ್ಬಿಯ ಮುಚ್ಚಳ.
ಲೈನು ಕಟ್ಟಾಯಿತು.

ಬೆಳಿಗ್ಗೆ ಶೇವಂತಿ ಹೇಳಿದ್ದು ಇಷ್ಟು:
"ಎರಡೇ ಕಡ್ಡಿ ಇತ್ತು. ಒಂದರಲ್ಲಿ ಒಲೆ ಹಚ್ಚಿದೆವು.
ನಾನು ಅಲ್ಲೇ ಮಲಗಿದೆ."
ಹೆಚ್ಚು ಅವಳೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಇದನ್ನು ಹೇಳಿದರೆ ಜನ ಭೇಷ್ ಅನ್ನುತ್ತಾರೆ.
ಅದೇ ಪುಟದಲ್ಲಿ, ಕೆಳಗೆ, ಇನ್ನೊಂದು ಸಾಲಿದೆ.
ಹೆಸರಿಲ್ಲ, ಸ್ಟಾಪಿಲ್ಲ, ಹತ್ತು ಅಂಕಿ ಮಾತ್ರ.
ಮಧ್ಯಾಹ್ನ ನಾಲ್ಕೂ ಕಾಲಿಗೆ ಬಂದದ್ದು,
ನಾನು ರಸ್ತೆಯಾಚೆ ಚಹಾ ಕುಡಿಯಲು ಹೋದಾಗ.
ತಿರುಗಿ ಮಾಡಿದೆ: ಸ್ವಿಚ್ ಆಫ್.
ಮರುದಿನ ಮಾಡಿದೆ. ಗಣಪತಿ ಹಬ್ಬದಲ್ಲಿ ಮಾಡಿದೆ.
ನಿನ್ನೆಯೂ.

ಚಹಾ ಈಗ ಇಲ್ಲಿಗೇ ತರಿಸುತ್ತೇನೆ.